ಪಟ ತೆಗೆಯುವ ಮುಂಚೆ ಕಸ ಹೊಡೆಯಬಹುದೇ?

2019ರ ಮಳೆಯನ್ನು ನಮ್ಮ ಕಡೆಯ ಯಾರೂ ಮರೆತಿಲ್ಲ. ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಾಗಲಕೋಟೆ ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ನನ್ನ ಅವ್ವನ ತವರು ತುಳಸಿಗೇರಿ. ಬಾಗಲಕೋಟೆಯಿಂದ ಬೆಳಗಾವಿ ಕಡೆ ಹೊರಟರೆ ಗದ್ದನಕೇರಿ ದಾಟಿ, ಕಲಾದಗಿಗೆ ಮುಂಚೆ ಸಿಗುವ ಹನುಮಪ್ಪನ ಊರು. ಅದು ಹೊಳೆದಂಡೆಯ ಊರಲ್ಲ. ಅಲ್ಲಿಗೆ ಹೊಳೆ ಬರಲಿಲ್ಲ, ಮಳೆ ಬಂತು. ಆ ವರ್ಷದ ಹಿಂಗಾರಿಗೆ ನೆನೆದು ನೆನೆದು ಆಯಿಯ ಮಣ್ಣಿನ ಮನೆಯ ಹಿಂದಿನ ಗೋಡೆ ಒಂದು ರಾತ್ರಿ ಕೂತುಬಿಟ್ಟಿತು. ಆಯಿ ಅಂದರೆ ನಮ್ಮಲ್ಲಿ ಅಜ್ಜಿ. ಪುಣ್ಯಕ್ಕೆ ಎಲ್ಲರೂ ಮುಂದಿನ ಪಡಸಾಲೆಯಲ್ಲಿ ಮಲಗಿದ್ದರು. ಅಡುಗೆಮನೆಯ ಅರ್ಧ, ಎರಡು ಗಡಿಗೆ ಮತ್ತು ಒಂದು ಕಡಪದ ಕಲ್ಲಿನ ಹಲಗೆ ಮಣ್ಣಿನಡಿಗೆ ಹೋದವು.

ಕೆಲವು ದಿನಗಳ ಮೇಲೆ ಹಾನಿಯ ಸಮೀಕ್ಷೆಗೆ ಇಬ್ಬರು ಬಂದರು. ನಾನೂ ಧಾರವಾಡದಿಂದ ಬಂದು ಅಲ್ಲೇ ಇದ್ದೆ. ಅವರು ಓಣಿಯ ತುದಿಯ ಮನೆಯಲ್ಲಿದ್ದಾರೆ ಎಂದು ಸುದ್ದಿ ಬಂದದ್ದೇ ತಡ, ಆಯಿ ಕಸಬರಿಗೆ ಹಿಡಿದಳು. ಬಿದ್ದ ಮಣ್ಣನ್ನು ಒಂದು ಬದಿಗೆ ಒಟ್ಟತೊಡಗಿದಳು. ಗಡಿಗೆಯ ಚೂರು ಆರಿಸಿದಳು. ಮಾಮಾ ಓಡಿಬಂದು ಕೈ ಹಿಡಿದ.

"ಕಸಾ ಹೊಡಿಬ್ಯಾಡಬೇ. ಅದು ಹೆಂಗ ಬಿದ್ದೈತಿ ಹಂಗ ಇರ್ಲಿ. ಹಸನ ಮಾಡಿಟ್ರ ಅವರಿಗೆ ಏನ ತಿಳಿತೈತಿ?"

"ಮಂದಿ ಬರೂ ಮುಂದ ಹಿಂಗ ಹರವಿಕೊಂಡ ಕುಂದ್ರಲೇನು?" ಅಂದಳು ಆಯಿ.

ಮಾಮಾ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ವರ್ಷ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತ್ತು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಎ, ಅದಕ್ಕೆ 5 ಲಕ್ಷ ರೂಪಾಯಿ. ಅಲ್ಪಸ್ವಲ್ಪ ಹಾನಿಯಾಗಿದ್ದರೆ ಸಿ, ಅದಕ್ಕೆ 50 ಸಾವಿರ. ನಮ್ಮದು ಎಲ್ಲಿ ಬೀಳುತ್ತದೆಂಬುದು ಆ ಇಬ್ಬರ ಕಣ್ಣಿಗೆ ಮತ್ತು ಮೊಬೈಲಿಗೆ ಏನು ಕಾಣುತ್ತದೆ ಎಂಬುದರ ಮೇಲೆ ನಿಂತಿತ್ತು. ಬಂದವರು ಒಳ್ಳೆಯವರೇ. ನೀರು ಕೇಳಿ ಕುಡಿದರು, ಟೇಪು ಹಿಡಿದು ಅಳೆದರು. ಆಮೇಲೆ ಒಬ್ಬರು, "ಆಯಿ, ಇಲ್ಲಿ ನಿಂದ್ರರಿ, ಬಿದ್ದ ಗೋಡಿ ನಿಮ್ಮ ಹಿಂದ ಕಾಣಬೇಕು" ಎಂದರು. ಆಯಿ ತಲೆ ಮೇಲೆ ಸೆರಗು ಎಳೆದುಕೊಂಡು, ಅರ್ಧ ಗುಡಿಸಿ ಬಿಟ್ಟ ಮಣ್ಣಿನ ನಡುವೆ ನಿಂತಳು. ಪಟ ತೆಗೆಯುವವರೆಗೂ ಅವಳ ಕೈಯಲ್ಲಿ ಕಸಬರಿಗೆ ಇತ್ತು. "ಅದನ್ನ ಆಚೆ ಇಡಬೇ" ಎಂದು ಮಾಮಾ ಕಸಿದುಕೊಂಡ.

ಈ ದೃಶ್ಯವನ್ನು ಮೊದಲೇ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಆಮೇಲೆ, ಹಾಸ್ಟೆಲಿಗೆ ಮರಳಿದ ಮೇಲೆ ಹೊಳೆಯಿತು. ಟಿವಿಯಲ್ಲಿ.

ಮನೆ ಸುಧಾರಿಸುವ ಕಾರ್ಯಕ್ರಮಗಳನ್ನು ನೋಡುವ ಚಟ ನನಗೆ ಹಳೆಯದು. ನನ್ನ ಸಂಶೋಧನೆಗೂ ಅದಕ್ಕೂ ಸಂಬಂಧವಿಲ್ಲ. ಅಧ್ಯಾಯ ಬರೆಯಲಾಗದ ರಾತ್ರಿಗಳಲ್ಲಿ ಇನ್ನೊಬ್ಬರ ಅಡುಗೆಮನೆ ಕೆಡವಿ ಕಟ್ಟುವುದನ್ನು ನೋಡುವುದರಲ್ಲಿ ಒಂದು ಸಮಾಧಾನವಿದೆ, ಅಷ್ಟೇ. ಆದರೆ ಆಯಿಯ ಪಟದ ನಂತರ ಅವುಗಳನ್ನು ಕಾಲಕ್ರಮದಲ್ಲಿ ನೋಡತೊಡಗಿದೆ. ಆಗ ಒಂದು ಸಂಗತಿ ಕಂಡಿತು. ಈ ಕಾರ್ಯಕ್ರಮಗಳು ವರ್ಷದಿಂದ ವರ್ಷಕ್ಕೆ ಬೆಳೆದ ಹಾಗೆ ಅವುಗಳೊಳಗಿಂದ ಒಂದೊಂದೇ ವಸ್ತು ಹೊರಗೆ ಹೋಗಿದೆ. ಮೊದಲು ಹೋದದ್ದು ಕಾಲ. ಆಮೇಲೆ ಕೆಲಸ. ಕೊನೆಗೆ ಮನೆಯಲ್ಲಿ ಇರುವವರು.

ಶುರುವಿನಲ್ಲಿ ಹೀಗಿರಲಿಲ್ಲ. 1962ರಲ್ಲಿ ಬಿಬಿಸಿಯಲ್ಲಿ ಬ್ಯಾರಿ ಬಕ್ನೆಲ್ ಎಂಬಾತ ಒಂದು ಪಾಳು ಮನೆಯನ್ನು ತಿಂಗಳುಗಟ್ಟಲೆ, ವಾರಕ್ಕೊಂದು ಕಂತಿನಲ್ಲಿ ದುರಸ್ತಿ ಮಾಡಿ ತೋರಿಸಿದ. ಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನಲ್ಲಿ ಜನರ ಕೈಯಲ್ಲಿ ದುಡ್ಡು ಕಡಿಮೆ, ಮನೆಗಳು ಹಳೆಯವು. ನಿಮ್ಮ ಮನೆಯನ್ನು ನೀವೇ ಸರಿಮಾಡಿಕೊಳ್ಳಬಹುದು ಎಂಬುದು ಅವನ ಪಾಠ. 1979ರಲ್ಲಿ ಅಮೆರಿಕದ ಬಾಸ್ಟನ್ನಿನ ಸಾರ್ವಜನಿಕ ಟಿವಿಯಲ್ಲಿ 'ದಿಸ್ ಓಲ್ಡ್ ಹೌಸ್' ಶುರುವಾಯಿತು. ಬಾಬ್ ವಿಲಾ ಪ್ರಶ್ನೆ ಕೇಳುತ್ತಾನೆ, ನಾರ್ಮ್ ಅಬ್ರಾಮ್ ಎಂಬ ಬಡಿಗ ಉತ್ತರ ಹೇಳುತ್ತ ಹೇಳುತ್ತ ಕೆಲಸ ಮಾಡುತ್ತಾನೆ. ಒಂದೇ ಮನೆ, ಹಲವು ಕಂತು. ನೀರಿನ ಕೊಳವೆ ಎಲ್ಲಿ ಸೋರುತ್ತಿದೆ, ತೊಲೆ ಯಾಕೆ ಕೊಳೆತಿದೆ ಎಂಬುದೇ ಅದರ ಕಥೆ. ಇಂದು ನೋಡಿದರೆ ನಿದ್ದೆ ಬರುತ್ತದೆ. ನೋಡಿ ಮುಗಿಸಿದಾಗ ಮಾತ್ರ ಏನೋ ಕಲಿತಂತಾಗಿರುತ್ತದೆ.

ಕಾಲ ಹೊರಗೆ ಹೋದದ್ದು 1996ರಲ್ಲಿ, ಬಿಬಿಸಿಯ 'ಚೇಂಜಿಂಗ್ ರೂಮ್ಸ್' ಬಂದಾಗ. ಇಬ್ಬರು ನೆರೆಹೊರೆಯವರು ಮನೆ ಬದಲಾಯಿಸಿಕೊಂಡು ಒಬ್ಬರ ಕೋಣೆಯನ್ನು ಇನ್ನೊಬ್ಬರು ಎರಡು ದಿನದಲ್ಲಿ, 500 ಪೌಂಡಿನಲ್ಲಿ ಬದಲಿಸಬೇಕು. ಅಮೆರಿಕ 2000ದಲ್ಲಿ ಇದನ್ನೇ 'ಟ್ರೇಡಿಂಗ್ ಸ್ಪೇಸಸ್' ಎಂದು ಮಾಡಿಕೊಂಡಿತು. ಇಲ್ಲಿ ಕೊಳವೆ ಸೋರುವುದು ಯಾರಿಗೂ ಬೇಡ. ಬಾಗಿಲು ತೆರೆದಾಗ ಮನೆಯವರ ಮುಖ ಹೇಗಾಗುತ್ತದೆ ಎಂಬುದು ಬೇಕು. 'ಚೇಂಜಿಂಗ್ ರೂಮ್ಸ್'ನ ಒಂದು ಕಂತು ಇಂಗ್ಲೆಂಡಿನಲ್ಲಿ ಇಂದಿಗೂ ನೆನಪಿನಲ್ಲಿದೆ. ಒಬ್ಬಾಕೆಯ ಚಹಾ ಕೆಟಲಿಗಳ ಸಂಗ್ರಹವನ್ನು ಅಂದವಾಗಿ ತೋರಿಸಲೆಂದು ತೂಗುವ ಕಪಾಟು ಮಾಡಿಟ್ಟರು. ಅದು ಕಳಚಿ ಬಿದ್ದು ವರ್ಷಗಟ್ಟಲೆ ಕೂಡಿಸಿದ ಕೆಟಲಿಗಳು ಪುಡಿಯಾದವು. ನನಗೆ ಆ ಕಂತು ನೆನಪಾದಾಗಲೆಲ್ಲ ಕಾಡುವುದು ಒಡೆದ ಕೆಟಲಿಗಳಿಗಿಂತ ಹೆಚ್ಚಾಗಿ ಇದು: ಎರಡು ದಿನದ ಕೆಲಸ ವರ್ಷಗಳ ತೂಕವನ್ನು ಹೊರಬಲ್ಲದೆಂದು ನಂಬಿದ್ದು.

ಆಮೇಲೆ ದಾನ ಬಂತು. 2003ರ ಕೊನೆಗೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್' ಶುರುವಾಯಿತು. ಕಷ್ಟದಲ್ಲಿರುವ ಕುಟುಂಬವೊಂದನ್ನು ಆರಿಸಿ, ಅವರನ್ನು ಪ್ರವಾಸಕ್ಕೆ ಕಳಿಸಿ, ಏಳು ದಿನದಲ್ಲಿ ದೊಡ್ಡ ಮನೆ ಕಟ್ಟಿಕೊಡುವುದು. ಕೊನೆಗೆ ಮನೆಯ ಮುಂದೆ ಒಂದು ಬಸ್ಸು ಅಡ್ಡ ನಿಂತಿರುತ್ತದೆ. ಸೇರಿದ ಜನ 'ಬಸ್ಸು ಸರಿಸಿ' ಎಂದು ಕೂಗುತ್ತಾರೆ. ಬಸ್ಸು ಸರಿಯುತ್ತದೆ, ಕುಟುಂಬ ಅಳುತ್ತದೆ, ನೋಡುವ ನಾವೂ ಅಳುತ್ತೇವೆ. ನಾನು ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಣ್ಣೀರಿಗಾಗಿ ಕಂತಿನ ಮೊದಲ ಹತ್ತು ನಿಮಿಷ ಏನು ಮಾಡಬೇಕಾಗುತ್ತದೆ ನೋಡಿ. ಕ್ಯಾಮೆರಾ ಬೂಸ್ಟು ಹಿಡಿದ ಗೋಡೆಯ ಹತ್ತಿರ ಹೋಗುತ್ತದೆ. ಮಕ್ಕಳ ರೋಗ, ತಂದೆಯ ಸಾವು, ತಾಯಿಯ ಸಾಲ, ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಲಾಗುತ್ತದೆ. ಮನೆ ಎಷ್ಟು ಹಾಳಾಗಿ ಕಾಣುತ್ತದೋ ಕೊನೆಯ ಬಾಗಿಲು ಅಷ್ಟು ಜೋರಾಗಿ ತೆರೆದುಕೊಳ್ಳುತ್ತದೆ. ಹೀಗೆ ಕಟ್ಟಿಕೊಟ್ಟ ಮನೆಗಳಲ್ಲಿ ಒಂದನ್ನು, ಜಾರ್ಜಿಯಾ ರಾಜ್ಯದಲ್ಲಿದ್ದದ್ದು, ಅಡವಿಟ್ಟು ಸಾಲ ತೆಗೆದ ಕುಟುಂಬ 2008ರಲ್ಲಿ ಅದನ್ನು ಕಳೆದುಕೊಳ್ಳುವ ಹಂತಕ್ಕೆ ಬಂದ ಸುದ್ದಿ ದೊಡ್ಡದಾಯಿತು. ಮನೆ ಬದಲಾಗಿತ್ತು, ಬದುಕು ಬದಲಾಗಿರಲಿಲ್ಲ.

ಅದೇ ಹೊತ್ತಿಗೆ ಕೊಂಡು, ಬಣ್ಣ ಹಚ್ಚಿ, ಲಾಭಕ್ಕೆ ಮಾರುವ ಕಾರ್ಯಕ್ರಮಗಳು ತುಂಬಿಕೊಂಡವು. 2013ರಿಂದ ಟೆಕ್ಸಾಸಿನ ವೇಕೊ ಪಟ್ಟಣದ ದಂಪತಿಯ 'ಫಿಕ್ಸರ್ ಅಪ್ಪರ್' ಬಂತು. ಬಿಳಿ ಗೋಡೆ, ಮರದ ಹಲಗೆ, ಹೊಲದ ಮನೆಯ ಹಾಗೆ ಕಾಣುವ ಪೇಟೆಯ ಮನೆ. ಇಂದು ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಸಾಕು. ಕೈ ಚಿಟಿಕೆ ಹೊಡೆಯುತ್ತದೆ, ಹಳೆಯ ಕೋಣೆ ಮಾಯ, ಹೊಸ ಕೋಣೆ ಪ್ರತ್ಯಕ್ಷ. ಗಾರೆ ಕಲೆಸಿದವನು, ಗೋಡೆ ಒಡೆದವನು, ಆ ಮಣ್ಣನ್ನು ಹೊತ್ತು ಹಾಕಿದವಳು ಆ ಚಿಟಿಕೆಯೊಳಗೆ ಅಡಗಿಹೋಗಿದ್ದಾರೆ. ಕೊನೆಯ ಚಿತ್ರದಲ್ಲಿ ಸೋಫಾ ಇದೆ, ಹೂದಾನಿ ಇದೆ. ಮನುಷ್ಯರಿಲ್ಲ. ಇದ್ದರೆ ಕೋಣೆ ಕೆಡುತ್ತದೆ.

ನಮ್ಮ ಕನ್ನಡದ ಟಿವಿಯಲ್ಲಿ ಇಂಥ ಕಾರ್ಯಕ್ರಮಗಳಿಗಿಂತ ಮುಂಚೆ ಬಂದದ್ದು ಬಣ್ಣದ ಜಾಹೀರಾತು. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ತುಂಟ ಹುಡುಗ 'ಗಟ್ಟು'ವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಅವನ ಕೈಯಲ್ಲಿ ಕುಂಚವಿತ್ತು, ಬಣ್ಣ ತೊಟ್ಟಿಕ್ಕುತ್ತಿತ್ತು, ಕೂದಲು ಹಣೆಯ ಮೇಲೆ ಬಿದ್ದಿತ್ತು. ಅಂದರೆ ಅವನು ಕೆಲಸ ಮಾಡುವವನು. ಇಂದಿನ ಬಣ್ಣದ ಜಾಹೀರಾತಿನಲ್ಲಿ ಚಿತ್ರತಾರೆಯರು ಒಣಗಿದ ಗೋಡೆಯ ಮೇಲೆ ಕೈಯಾಡಿಸುತ್ತಾರೆ. ಡಬ್ಬಿಯಿಂದ ಗೋಡೆಗೆ ಬಣ್ಣವನ್ನು ತಂದ ಕೈ ಎಲ್ಲಿಯೂ ಕಾಣುವುದಿಲ್ಲ.

ಇನ್ನೊಂದು ಬಗೆ ನಮ್ಮದೇ. ಬೆಳಗಿನ ಹೊತ್ತಿನ ವಾಸ್ತು ಕಾರ್ಯಕ್ರಮಗಳು. ಮನೆ ಒಡೆಯದೆ ಸರಳವಾಗಿ ಸರಿಮಾಡಿಕೊಳ್ಳಬಹುದೆಂದು ಟಿವಿಯ ಮೂಲಕ ಹೇಳಿ ಮನೆಮಾತಾದ 'ಸರಳ ವಾಸ್ತು'ವಿನ ಚಂದ್ರಶೇಖರ ಗುರೂಜಿ ಬಾಗಲಕೋಟೆಯ ಮೂಲದವರೇ. ಇವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ನನ್ನಂಥವರಿಗೆ ಸುಲಭ. ಆದರೆ ಆ ಕಾರ್ಯಕ್ರಮಗಳಿಗೆ ಫೋನ್ ಮಾಡುವವರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ಮಗಳ ಲಗ್ನ ಕೂಡುತ್ತಿಲ್ಲ. ಗಂಡನಿಗೆ ಹುಷಾರಿಲ್ಲ. ಮಗ ಓದುತ್ತಿಲ್ಲ. ಮನೆ ಚಂದ ಕಾಣುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಮನೆಯೊಳಗಿನವರು ಚೆನ್ನಾಗಿದ್ದಾರೆಯೇ ಎಂಬುದೇ ಅಲ್ಲಿಯ ಮಾತು. ವೇಕೊ ಪಟ್ಟಣದ ಬಿಳಿ ಗೋಡೆಗಿಂತ ಈ ಪ್ರಶ್ನೆ ದೊಡ್ಡದು. ಉತ್ತರದ ಮಾತು ಬೇರೆ. ನಮ್ಮ ಮನೆಯಲ್ಲೂ ಯಾರೋ ಹೇಳಿದರೆಂದು ಅಡುಗೆಮನೆಯ ಒಂದು ಕಿಟಕಿ ಮುಚ್ಚಿದ್ದರು. ಅತ್ತಿ ಹತ್ತು ವರ್ಷ ಹೊಗೆಯಲ್ಲಿ ರೊಟ್ಟಿ ಬಡಿದಳು. ಇರುವವರ ಕಷ್ಟ ಕೇಳಿದ ಮೇಲೂ ಕೊನೆಗೆ ಅಪರಾಧಿಯಾಗಿ ಕಟಕಟೆಯಲ್ಲಿ ನಿಲ್ಲುವುದು ಮನೆಯೇ, ಆ ಮನೆಯ ತಪ್ಪಿಗೆ ದಂಡ ಕಟ್ಟುವುದು ಮಾತ್ರ ಒಲೆಯ ಮುಂದೆ ಕೂತವಳು.

ಇಷ್ಟು ಹೊತ್ತಿಗೆ ನಾನು ಹಳೆಯ ಮನೆಯ ಪಕ್ಷ ವಹಿಸುತ್ತೇನೆ ಎಂದು ಓದುಗರು ಊಹಿಸಿರಬಹುದು. ಹಾಗೆಯೇ ವಹಿಸಿದ್ದೆ. ಗೋಡೆ ಬೀಳುವ ಎರಡು ವರ್ಷ ಮೊದಲು ಆಯಿಯ ಮನೆಯ ಪಟಗಳನ್ನು ತೆಗೆದು ಸ್ನೇಹಿತರಿಗೆಲ್ಲ ಕಳಿಸಿದ್ದೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು. ದೀಪದ ಹೊಗೆಗೆ ಕಪ್ಪಾದ ಮಾಡ. ಕೈ ಸವೆದು ನುಣುಪಾದ ಕಂಬ. ಎಲ್ಲರೂ 'ಎಷ್ಟು ಚಂದ' ಎಂದರು. ಆ ಹೊಗಳಿಕೆಯನ್ನು ಆಯಿಗೆ ಓದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಹೇಳಿದಳು:

"ಚಂದ ಅನ್ನಾಕಿ ನೀನು. ಮಳಿಗಾಲ ಬಂತಂದ್ರ ಮಾಳಗಿ ಮ್ಯಾಲ ಮಣ್ಣ ಹೊತ್ತಾಕಿ ನಾನು."

ಮಣ್ಣಿನ ಮಾಳಿಗೆ ಒಮ್ಮೆ ಕಟ್ಟಿ ಬಿಡುವಂಥದ್ದಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕರ್ಲಮಣ್ಣು ತಂದು ಮೇಲೆ ಹರವಬೇಕು. ಆ ಮಣ್ಣು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಮಳೆ ಬಂದ ರಾತ್ರಿ ಎದ್ದು ಮೇಲೆ ಹತ್ತಿ ಬೆಳಕಿಂಡಿ ಮುಚ್ಚಬೇಕು. ಸೋರುವ ಕಡೆ ತುಳಿದು ಗಟ್ಟಿ ಮಾಡಬೇಕು. ಬೆಳೆದ ಹುಲ್ಲು ಕೀಳಬೇಕು. ಗೋಡೆಗೆ ಮಣ್ಣು ಮೆತ್ತಬೇಕು, ನೆಲ ಸಾರಿಸಬೇಕು, ಹನುಮಪ್ಪನ ಜಾತ್ರೆ ಬಂತೆಂದರೆ ಸುಣ್ಣ ಹಚ್ಚಬೇಕು. ನಾನು ಚಂದ ಎಂದು ಕಂಡದ್ದು ಐವತ್ತು ವರ್ಷ ಒಬ್ಬ ಹೆಂಗಸಿನ ಸೊಂಟ ದುಡಿದದ್ದರ ಫಲ. ನನ್ನ ಪಟದಲ್ಲೂ ಆ ಸೊಂಟ ಇರಲಿಲ್ಲ. ಬಿಸಿಲಿನ ಕೋಲು ಕೆಡುತ್ತದೆಂದು ಆಯಿಗೆ ಸ್ವಲ್ಪ ಆಚೆ ಸರಿಯಲು ಹೇಳಿದ್ದು ನಾನೇ.

ಅಂದರೆ ಹಳೆಯದನ್ನು ಹೊಗಳುವ ನನ್ನ ಕ್ಯಾಮೆರಾವೂ ಹೊಸದನ್ನು ಹೊಗಳುವ ಟಿವಿಯ ಕ್ಯಾಮೆರಾವೂ ಒಂದೇ ಕೆಲಸ ಮಾಡಿದ್ದವು. ಇರುವವರನ್ನು ಆಚೆ ಸರಿಸಿದ್ದವು.

ಐಹೊಳೆಗೆ ಹೋದವರು ಲಾಡಖಾನ್ ಗುಡಿ ನೋಡಿರುತ್ತಾರೆ. ಚಾಲುಕ್ಯರ ಕಾಲದ ಆ ಕಟ್ಟಡದ ಮಾಡು ಮರದ ಮನೆಯನ್ನು ಕಲ್ಲಿನಲ್ಲಿ ಅನುಕರಿಸಿದಂತಿದೆ. ಹಲಗೆ ಹಾಸಿ ನಡುವೆ ಪಟ್ಟಿ ಕೊಟ್ಟಂತೆ ಕಲ್ಲು ಜೋಡಿಸಿದ್ದಾರೆ. ಮನೆಯ ರೂಪ ಗುಡಿಯಾಯಿತು. ಮುಂದೆ ಲಾಡಖಾನ್ ಎಂಬೊಬ್ಬ ಅಲ್ಲಿ ವಾಸವಿದ್ದದ್ದರಿಂದ ಆ ಹೆಸರು ಬಂತು. ಗುಡಿ ಮತ್ತೆ ಮನೆಯಾಯಿತು. ಈಗ ಅದು ಸ್ಮಾರಕ, ಸುತ್ತ ಹುಲ್ಲುಹಾಸು ಮತ್ತು ಬೇಲಿ. ಇದರಲ್ಲಿ ಯಾವುದು 'ಮೊದಲು', ಯಾವುದು 'ಆಮೇಲೆ'? ಬಕ್ನೆಲ್ ಹಳೆಯ ಬಾಗಿಲುಗಳ ಕೆತ್ತನೆ ಕಾಣದಂತೆ ಮೇಲೆ ಹಾರ್ಡ್‌ಬೋರ್ಡ್ ಬಡಿಯುವುದನ್ನು ಜನರಿಗೆ ಕಲಿಸಿದ್ದ. ಮುಂದಿನ ತಲೆಮಾರು ಅದೇ ಹಾರ್ಡ್‌ಬೋರ್ಡ್ ಕಿತ್ತು ಕೆತ್ತನೆ ಹುಡುಕಿತು. ಒಬ್ಬರ 'ಆಮೇಲೆ' ಇನ್ನೊಬ್ಬರ 'ಮೊದಲು' ಆಗಲು ಬಹಳ ಕಾಲ ಬೇಕಿಲ್ಲ. ಕನ್ನಡದಲ್ಲಿ ಹೊಸ ಮನೆ ಹೊಗುವುದಕ್ಕೆ 'ಮನೆ ಒಕ್ಕಲು' ಎನ್ನುತ್ತಾರೆ. ಒಕ್ಕಲು ಎಂದರೆ ವಾಸ, ವಾಸಿಸುವ ಕುಟುಂಬ, ಬೇಸಾಯ ಎಲ್ಲವೂ. ನಮ್ಮ ಭಾಷೆಯ ಪ್ರಕಾರ ಮನೆ ಮುಗಿಯುವುದು ಬಣ್ಣ ಒಣಗಿದಾಗ ಅಲ್ಲ, ಯಾರೋ ಒಕ್ಕಲಾದಾಗ. ಮನೆಯ ದುಃಸ್ಥಿತಿ ಕಂಡು ಒಡೆಯನ ಇರುವನ್ನೇ ಅನುಮಾನಿಸುವ ಬಸವಣ್ಣನವರ ವಚನವೊಂದು ನಮಗೆಲ್ಲ ಗೊತ್ತು. ಅಲ್ಲಿ ಮನೆಯ ನೋಟ ಒಂದು ಗುರುತು ಮಾತ್ರ, ಪ್ರಶ್ನೆ ಇರುವುದು ಒಳಗಿರುವವನ ಬಗ್ಗೆ. ಟಿವಿ ಇದನ್ನು ತಿರುವಿಹಾಕಿತು. ಅಲ್ಲಿ ಒಳಗಿರುವವನೇ ಗುರುತು, ಪ್ರಶ್ನೆ ನೋಟದ ಬಗ್ಗೆ.

ಹಾಗಾದರೆ ನೋಟಕ್ಕಾಗಿ ಮನೆ ಸುಧಾರಿಸುವುದು ಸುಳ್ಳು, ಇರುವುದಕ್ಕಾಗಿ ಸುಧಾರಿಸುವುದು ನಿಜ ಎಂದು ಗೆರೆ ಎಳೆದುಬಿಡಬಹುದೇ? ನಾನು ಹಾಗೆ ಎಳೆದು ಇಟ್ಟುಕೊಂಡಿದ್ದೆ. ಅದನ್ನು ಅಳಿಸಿದವಳು ನನ್ನ ಶಾಲೆಯ ಗೆಳತಿ.

ರಜೆಯಲ್ಲಿ ಆಯಿಯ ಮನೆಯಲ್ಲಿದ್ದಾಗಲೆಲ್ಲ ನಾವಿಬ್ಬರೂ ಕೂಡಿಯೇ ಇರುತ್ತಿದ್ದೆವು. ಅವಳು ನಮ್ಮ ಕಟ್ಟೆಯವರೆಗೆ ಬರುತ್ತಿದ್ದಳು. ನಾನು ಅವಳ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಅವಳು ಕರೆದಿರಲಿಲ್ಲ ಎಂದು ನನ್ನ ನೆನಪು. ಅವಳದು ಊರ ಹೊರಗಿನ ಕೇರಿ. ನಾವು ಡಿಗ್ರಿಗೆ ಬಂದ ಮೇಲೆ ಅವಳ ಅಣ್ಣ ದುಡಿದು ಆರ್‌ಸಿಸಿ ಮನೆ ಕಟ್ಟಿಸಿದ. ಮುಂದಿನ ಗೋಡೆಗೆ ಕಣ್ಣು ಕುಕ್ಕುವ ಗಿಣಿಹಸಿರು ಬಣ್ಣ, ಕಿಟಕಿಗೆ ಕಿತ್ತಳೆ. ಆವತ್ತು ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಒಂದೊಂದು ಕೋಣೆ ತೋರಿಸಿದಳು, ಬಚ್ಚಲಿನ ನಲ್ಲಿ ತಿರುವಿ ತೋರಿಸಿದಳು. ಒಳಗೊಳಗೇ ನಾನು ಆ ಬಣ್ಣವನ್ನು ನಕ್ಕೆ. 'ಇದೆಲ್ಲ ಟಿವಿ ನೋಡಿ' ಅಂದುಕೊಂಡೆ.

ಆ ನಗು ನೆನಪಾದರೆ ಈಗ ನಾಚಿಕೆಯಾಗುತ್ತದೆ. ಯಾರ ಮನೆಯನ್ನು ಊರು ತಲೆಮಾರುಗಳಿಂದ ನೋಡಲೇ ಇಲ್ಲವೋ, ಯಾರ ಹೊಸ್ತಿಲು ತುಳಿಯಬಾರದೆಂದು ಎಣಿಸಿತೋ, ಅವರು ದೂರದಿಂದ ಕಾಣುವ ಬಣ್ಣ ಹಚ್ಚಿ 'ನೋಡು' ಅಂದರೆ ಅದು ಬರೀ ತೋರಿಕೆಯಲ್ಲ. ನೋಡಿಸಿಕೊಳ್ಳುವುದೂ ಬದುಕಿನ ಒಂದು ಅಗತ್ಯ. ಅವಳು ಅಷ್ಟು ವರ್ಷ ಯಾಕೆ ಕರೆಯಲಿಲ್ಲ ಎಂದು ನಾನು ಕೇಳಿಕೊಂಡಿದ್ದೆ. ನಾನು ಅಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದು ಕೇಳಿಕೊಂಡದ್ದು ಬಹಳ ತಡವಾಗಿ.

ಅಲ್ಲದೆ ಹಳ್ಳಿಯಲ್ಲಿ ಕ್ಯಾಮೆರಾ ಟಿವಿಗಿಂತ ಹಳೆಯದು. ಹೆಣ್ಣು ಕೊಡುವವರು 'ಮನಿ ನೋಡಾಕ' ಬರುತ್ತಾರೆ. ಬಂದವರ ಕಣ್ಣು ಕಂಬ ಎಣಿಸುತ್ತದೆ, ಗ್ವಾದಲಿಯಲ್ಲಿ ಎಷ್ಟು ಎತ್ತು ಎಂದು ಎಣಿಸುತ್ತದೆ. ನೋಟಕ್ಕೆ ಹೆದರದ ಮನೆ ಎಂದೂ ಇರಲಿಲ್ಲ. ಆದರೆ ಆ ಹಳೆಯ ನೋಟದಲ್ಲಿ ಒಂದು ಕಟ್ಟುಪಾಡು ಇತ್ತು. ಬರುವವರು ಬರುತ್ತೇವೆಂದು ಹೇಳಿ ಕಳಿಸುತ್ತಿದ್ದರು. ಮನೆಯವರು ಅಂಗಳ ಗುಡಿಸಿ, ರಂಗೋಲಿ ಹಾಕಿ, ಒಳ್ಳೆಯ ಕಂಬಳಿ ಹಾಸುತ್ತಿದ್ದರು. ಸೋರುವ ಮೂಲೆಗೆ ಒಂದು ಚೀಲ ಅಡ್ಡ ಇಡುತ್ತಿದ್ದರು. ಬಂದವರಿಗೆ ಆ ಚೀಲ ಯಾಕಿದೆ ಎಂದು ಗೊತ್ತಿರುತ್ತಿತ್ತು. ಅವರ ಮನೆಯಲ್ಲೂ ಅಂಥದೊಂದು ಚೀಲ ಇರುತ್ತಿತ್ತು. ಅದನ್ನು ಸರಿಸಿ ನೋಡುವುದು ಮಾತ್ರ ಯಾರೂ ಮಾಡದ ಕೆಲಸ.

ನನಗೆ ಸಿಕ್ಕ ಗೆರೆ ಇದು. ನೋಟಕ್ಕಾಗಿಯೋ ಇರುವುದಕ್ಕಾಗಿಯೋ ಎಂಬಲ್ಲಿ ಅದು ಇಲ್ಲ. ನೋಡುವ ಮೊದಲು ಕಸ ಹೊಡೆಯಲು ಬಿಡುತ್ತೀರೋ ಇಲ್ಲವೋ ಎಂಬಲ್ಲಿ ಇದೆ. ಗುಡಿಸುವುದು ಸುಳ್ಳು ಹೇಳುವುದಲ್ಲ. ಬಿದ್ದ ಗೋಡೆ ಗುಡಿಸಿದರೂ ಬಿದ್ದೇ ಇರುತ್ತದೆ. ಗುಡಿಸಿದವಳು ಹೇಳುವುದು ಇಷ್ಟೇ: ಗೋಡೆ ಬಿದ್ದಿದೆ, ನಾನು ಬಿದ್ದಿಲ್ಲ. ಟಿವಿಯ 'ಮೊದಲು' ಎಂಬ ಚಿತ್ರಕ್ಕೆ ಈ ಎರಡನೆಯ ಮಾತು ಬೇಡ. ಅದಕ್ಕೆ ಇಬ್ಬರೂ ಬಿದ್ದಿರಬೇಕು. ಆಗಲೇ ಎತ್ತಿದವರು ದೊಡ್ಡವರಾಗಿ ಕಾಣುವುದು.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಸರ್ಕಾರದ ದುಡ್ಡು ಎಲ್ಲರ ದುಡ್ಡು. ಬೀಳದ ಮನೆಯನ್ನು ಬಿದ್ದದ್ದೆಂದು ತೋರಿಸಿ ದುಡ್ಡು ಎತ್ತುವವರೂ ಉಂಟು. ಪಟ ಬೇಡ ಎಂದರೆ ನಿಜವಾಗಿ ಬಿದ್ದವರಿಗೇ ಅನ್ಯಾಯವಾಗಬಹುದು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲೂ ಹಂತಹಂತಕ್ಕೆ ಜಾಗದ ಗುರುತಿನೊಂದಿಗೆ ಪಟ ತೆಗೆದು ಏರಿಸಿದ ಮೇಲೇ ಕಂತಿನ ಹಣ ಬಿಡುಗಡೆಯಾಗುವುದು. ಹಿಂದೆ ಕಾಗದದ ಮೇಲೆಯೇ ಕಟ್ಟಿ ಮುಗಿಸಿದ ಮನೆಗಳ ಕಥೆ ಕೇಳಿದವರು ಈ ಪಟಗಳನ್ನು ಬೇಡ ಎನ್ನಲಾರರು. ನಾನೂ ಎನ್ನುವುದಿಲ್ಲ. ಗೋಡೆಯ ಅಳತೆ ಬೇಕು, ಬಿರುಕಿನ ಪಟ ಬೇಕು. ಆದರೆ ಅದಕ್ಕೆ ಎಪ್ಪತ್ತು ದಾಟಿದ ಹೆಂಗಸಿನ ಕೈಯ ಕಸಬರಿಗೆ ಕೆಳಗಿಡಿಸಬೇಕಾಗಿರಲಿಲ್ಲ. ಕೆಳಗಿಡಿಸಿದವರು ಬಂದ ಇಬ್ಬರೂ ಅಲ್ಲ ಎಂಬುದನ್ನು ಗಮನಿಸಬೇಕು. ಅವರು ಬಿದ್ದ ಗೋಡೆ ಕಾಣಲಿ ಎಂದರು, ಅಷ್ಟೇ. ಕಸಬರಿಗೆ ಕಸಿದುಕೊಂಡದ್ದು ಮಾಮಾ. ಹೇಗೆ ಕಂಡರೆ ಕರುಣೆ ಹುಟ್ಟುತ್ತದೆ ಎಂಬುದು ಅವನಿಗೆ ಯಾರೂ ಹೇಳದೆಯೇ ಗೊತ್ತಿತ್ತು. ಪಕ್ಕದಲ್ಲಿ ನಿಂತು ಸುಮ್ಮನಿದ್ದ ನನಗೂ ಗೊತ್ತಿತ್ತು. ಇಷ್ಟು ವರ್ಷಗಳ ಟಿವಿ ನಮಗೆ ಮನೆ ಕಟ್ಟುವುದನ್ನು ಕಲಿಸದಿದ್ದರೂ ಇದನ್ನು ಚೆನ್ನಾಗಿ ಕಲಿಸಿದೆ.

ಮನೆ ಎ ವರ್ಗಕ್ಕೆ ಬರಲಿಲ್ಲ, ನಡುವಿನ ಬಿಗೆ ಬಂತು. ಬಂದ ಹಣಕ್ಕೆ ಮಾಮಾ ಸಾಲ ಸೇರಿಸಿ ಹಿಂದಿನ ಭಾಗವನ್ನು ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿ ಮೇಲೆ ಸ್ಲ್ಯಾಬು ಹಾಕಿಸಿದ. ಅಡುಗೆಮನೆಗೆ ಎರಡು ಕಿಟಕಿ. ಯಾವ ದಿಕ್ಕಿಗೆ ಎಂದು ಈ ಸಲ ಅತ್ತಿಯೇ ಹೇಳಿದಳು. ಬಚ್ಚಲಿಗೆ ಬಾಗಿಲು ಬಂತು. ಮುಂದಿನ ಪಡಸಾಲೆ ಮಾತ್ರ ಇನ್ನೂ ಮಣ್ಣಿನ ಮಾಳಿಗೆಯದೇ. ಅದು ಪರಂಪರೆಯ ಮೇಲಿನ ಪ್ರೀತಿಯಿಂದ ಉಳಿದದ್ದಲ್ಲ, ದುಡ್ಡು ಸಾಲದೆ ಉಳಿದದ್ದು. ಆಯಿ ಈಗ ಮಾಳಿಗೆ ಹತ್ತುವುದಿಲ್ಲ. ಮಾಮಾ ಹತ್ತುತ್ತಾನೆ. ಒಂದು ವರ್ಷ ನಾನೂ ಹತ್ತಿ ಮೂರು ಬುಟ್ಟಿ ಮಣ್ಣು ಹೊತ್ತೆ. ನಾಲ್ಕನೆಯದಕ್ಕೆ ಕೂತುಬಿಟ್ಟೆ. ಆಯಿ ಕೆಳಗೆ ನಿಂತು ನಕ್ಕಳು.

ಕೆಲಸ ಮುಗಿದ ಮೇಲೆ ಮತ್ತೆ ಪಟಕ್ಕೆ ಬಂದರು. ಈ ಸಲ ಮುಂಚೆಯೇ ಫೋನ್ ಮಾಡಿ ಬಂದರು. ಆಯಿ ಬೆಳಗಿನಿಂದಲೇ ಗುಡಿಸಿ, ಸಾರಿಸಿ, ಇಳಕಲ್ ಸೀರೆ ಉಟ್ಟು ಕಾದಿದ್ದಳು. ಟಿವಿಯ ಕೊನೆಯ ಚಿತ್ರದಲ್ಲಿ ಮನುಷ್ಯರಿರುವುದಿಲ್ಲ ಎಂದೆನಲ್ಲ, ಆ ದಿನ ಪಟ ತೆಗೆದವರು ಆಯಿ ಇರಲೇಬೇಕೆಂದರು. ನಿಯಮಕ್ಕಾಗಿ ಹೇಳಿದ್ದೋ ಏನೋ, ನನಗೆ ಅದು ಸರಿಯೆನ್ನಿಸಿತು. ಆಯಿ ಹೊಸ ಗೋಡೆಗೆ ಬೆನ್ನು ಕೊಟ್ಟು ನಿಂತಳು, ಸೆರಗು ಸರಿಮಾಡಿಕೊಂಡಳು, ಕ್ಯಾಮೆರಾವನ್ನು ನೇರ ನೋಡಿದಳು.

ಅವರು ಹೊರಡುವಾಗ ಆಯಿ ಒಂದು ಮಾತು ಕೇಳಿದಳು. ಅವರನ್ನಲ್ಲ, ನನ್ನನ್ನು.

"ಅವತ್ತಿನ ಪಟಾ ಅವರ ಹಂತೇಕ ಇನ್ನೂ ಇರ್ತೈತೇನ ಯವ್ವಾ?"

"ಇರ್ತೈತಬೇ."

"ಅದನ್ನ ತಗದು ಇದನ್ನ ಇಡಾಕ ಬರೂದಿಲ್ಲೇನು?"

ಎರಡೂ ಬೇಕಾಗುತ್ತದೆ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸಲಿಕ್ಕೆ, ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೊದಲ ಹಂಗ ಇರಲಿಲ್ಲಲ್ಲಬೇ ನಮ್ಮ ಮನಿ. ಅದು ಬಿದ್ದ ದಿನಾ ಅಷ್ಟ ಹಂಗಿತ್ತು" ಎಂದು ಕಸಬರಿಗೆ ತೆಗೆದುಕೊಂಡು ಬಂದವರ ಚಪ್ಪಲಿಯ ಮಣ್ಣು ಗುಡಿಸ ಹೋದಳು.